ಮನೆಯ ಮಗನೂ ಮನಸ್ಸಿನ ಮಗನೂ

(ಬೆಳಗಾವಿಯ ಶಿವಬಸವ ನಗರದಲ್ಲಿ ಪಾಲಕರ ಮತ್ತು ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಕ್ಕಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನೀವು ನನಗೆ ಅಪ್ಪಣೆ ಮಾಡಿದಿರಿ. ವಿಷಯವು ಹೊಸದಲ್ಲ, ಹೇಳುವವನೂ ದೊಡ್ಡ ವಿದ್ವಾಂಸನಲ್ಲ. ಆದರೆ ಈ ಶಿವಬಸವ ನಗರದ ಬೀದಿಗಳಲ್ಲಿ ಒಂದು ದಿನ ಬೆಳಗಿನ ಹೊತ್ತು ನಡೆದುಹೋದರೆ ಸಾಕು, ಈ ವಿಷಯವು ಎಷ್ಟು ಅವಶ್ಯವಾದದ್ದೆಂಬದು ಕಣ್ಣಿಗೆ ಕಾಣುವದು. ಬೆನ್ನ ಮೇಲೆ ಪುಸ್ತಕದ ಚೀಲ ಹೊತ್ತ ಹುಡುಗರು ಸಾಲುಸಾಲಾಗಿ ಶಾಲೆ ಕಾಲೇಜುಗಳ ಕಡೆಗೆ ಹೋಗುತ್ತಿರುವರು. ಬಾಗಿಲಲ್ಲಿ ನಿಂತ ತಾಯಿತಂದೆಗಳು ಅವರು ಮರೆಯಾಗುವವರೆಗೂ ನೋಡುತ್ತಿರುವರು. ಆ ನೋಟದಲ್ಲಿ ಪ್ರೀತಿಯುಂಟು, ಹೆಮ್ಮೆಯುಂಟು. ಸೂಕ್ಷ್ಮವಾಗಿ ನೋಡಿದರೆ ಭಯವೂ ಉಂಟು. ಇವನು ನಾವು ನೆನೆಸಿದಂತೆ ಆಗುವನೋ ಇಲ್ಲವೋ, ದೂರ ಹೋದವನು ತಿರುಗಿ ಬರುವನೋ ಇಲ್ಲವೋ, ಮುಪ್ಪಿನಲ್ಲಿ ನಮ್ಮನ್ನು ನೋಡುವನೋ ಇಲ್ಲವೋ ಎಂಬ ಭಯ. ಇದೇ ಭಯವು ಒಮ್ಮೆ ಅತಿಯಾದ ಮುದ್ದಾಗಿಯೂ ಒಮ್ಮೆ ಬಿರುಸಾದ ಮಾತಾಗಿಯೂ ಮಕ್ಕಳ ಮೇಲೆ ಬೀಳುವದು. ಇದಕ್ಕೆ ನಮ್ಮ ಹಿರಿಯರ ಅದ್ವೈತ ವಿಚಾರದಲ್ಲಿ ಏನಾದರೂ ಮದ್ದು ಉಂಟೋ ಎಂಬದೇ ಇಂದಿನ ನನ್ನ ಮಾತಿನ ತಿರುಳು.

ಅದ್ವೈತವೆಂದ ಕೂಡಲೆ ಕೆಲವರು ಕೈಮುಗಿದು ದೂರ ಸರಿಯುವರು. ಅದು ಕಾವಿಯುಟ್ಟವರ ಮಾತು, ಹೆಂಡರು ಮಕ್ಕಳುಳ್ಳ ನಮಗೆ ಅದರಿಂದೇನು ಎನ್ನುವರು. ಅಂಥವರು ವಿದ್ಯಾರಣ್ಯರ ‘ಪಂಚದಶಿ’ಯನ್ನು ತೆರೆದು ನೋಡಬೇಕು. ೧೪ನೆಯ ಶತಮಾನದಲ್ಲಿ ನಮ್ಮ ತುಂಗೆಯ ದಡದ ಶೃಂಗೇರಿ ಪೀಠವನ್ನು ಬೆಳಗಿಸಿದ ಆ ಮಹಾನುಭಾವರ ಹೆಸರಿನಲ್ಲಿ ನಡೆದುಬಂದ ಈ ೧೫ ಪ್ರಕರಣಗಳ ಗ್ರಂಥದಲ್ಲಿ, ನಾಲ್ಕನೆಯದಾದ ದ್ವೈತವಿವೇಕ ಪ್ರಕರಣದೊಳಗೆ, ತಂದೆ ಮಗನ ಒಂದು ದೃಷ್ಟಾಂತ ಬರುವದು. ಒಬ್ಬನ ಮಗನು ದೂರದೇಶಕ್ಕೆ ಹೋಗಿರುವನು. ಅಲ್ಲಿ ಅವನು ಕ್ಷೇಮವಾಗಿಯೇ ಇರುವನು. ಆದರೆ ಯಾವನೋ ಸುಳ್ಳುಗಾರನು ಬಂದು, ನಿನ್ನ ಮಗನು ತೀರಿಹೋದನೆಂದು ಹೇಳಲು, ತಂದೆಯು ಎದೆ ಬಡಿದುಕೊಂಡು ಅಳುವನು. ಇನ್ನೊಬ್ಬನ ಮಗನು ನಿಜವಾಗಿಯೂ ತೀರಿಹೋಗಿರುವನು. ಆದರೆ ಸುದ್ದಿ ಬಂದಿಲ್ಲ. ಆ ತಂದೆಯು ಎಂದಿನಂತೆ ಉಂಡು ಸುಖವಾಗಿ ನಿದ್ದೆ ಮಾಡುವನು. ಹಾಗಾದರೆ ಅಳಿಸಿದವನು ಯಾರು? ಹೊರಗಿನ ಮಗನೋ, ಒಳಗಿನ ಮಗನೋ?

ಇದರಿಂದ ವಿದ್ಯಾರಣ್ಯರು ಹೊರಡಿಸುವ ತತ್ತ್ವವಿಷ್ಟು: ಪ್ರಪಂಚದಲ್ಲಿ ಎರಡು ಬಗೆಯ ಸೃಷ್ಟಿಗಳುಂಟು. ಈಶ್ವರನು ಮಾಡಿದ್ದು ಒಂದು, ಜೀವನು ತನ್ನ ಮನಸ್ಸಿನಿಂದ ಅದರ ಮೇಲೆ ಮಾಡಿಕೊಂಡದ್ದು ಇನ್ನೊಂದು. ಹೆಣ್ಣುಮಗಳೊಬ್ಬಳೇ ಇದ್ದರೂ ಒಬ್ಬನಿಗೆ ಹೆಂಡತಿ, ಒಬ್ಬನಿಗೆ ಸೊಸೆ, ಒಬ್ಬನಿಗೆ ತಾಯಿ ಎಂದು ಅವಳು ಹಲವಾಗುವಳು. ಅವಳ ಶರೀರದಲ್ಲಿ ಏನೂ ಬದಲಾಗದಿದ್ದರೂ ನೋಡುವವರ ಮನಸ್ಸಿನೊಳಗಿನ ಮೂರ್ತಿ ಬೇರೆಬೇರೆಯಾಗಿರುವದು. ನಮ್ಮನ್ನು ಕಟ್ಟಿಹಾಕುವದು ಈಶ್ವರನ ಸೃಷ್ಟಿಯಲ್ಲ, ನಮ್ಮ ಈ ಮಾನಸಸೃಷ್ಟಿ.

ಮಹನೀಯರೆ, ಇದನ್ನೇ ನಮ್ಮ ಮನೆಗಳಿಗೆ ಹಚ್ಚಿ ನೋಡಿರಿ. ಪ್ರತಿಯೊಂದು ಮನೆಯಲ್ಲಿಯೂ ಒಂದು ಮಗುವಿದ್ದಲ್ಲಿ ನಿಜವಾಗಿ ಎರಡು ಮಕ್ಕಳು ಬೆಳೆಯುತ್ತಿರುವವು. ಒಂದು, ಅಂಗಳದಲ್ಲಿ ಆಡುವ, ಹಸಿವಾದರೆ ಅಳುವ, ಲೆಕ್ಕದಲ್ಲಿ ತಪ್ಪುವ, ಹಾಡಿನಲ್ಲಿ ಮುಂದಾಗುವ ಮಗು. ಇನ್ನೊಂದು, ಅದು ಹುಟ್ಟುವ ಮೊದಲೇ ನಮ್ಮ ತಲೆಯಲ್ಲಿ ಹುಟ್ಟಿದ ಮಗು. ಅದು ಡಾಕ್ಟರನಾಗಿರುವದು, ಸಾಹೇಬನಾಗಿರುವದು. ನಮಗೆ ಸಿಕ್ಕದ್ದೆಲ್ಲವೂ ಅದಕ್ಕೆ ಸಿಕ್ಕಿರುವದು. ಮೊದಲನೆಯ ಮಗುವು ಎರಡನೆಯದರಂತೆ ಆಗಲಿಲ್ಲವೆಂದು ನಾವು ದುಃಖಪಡುವೆವು. ಎರಡನೆಯದಕ್ಕಾಗಿ ಮೊದಲನೆಯದನ್ನು ಬಡಿಯುವೆವು. ಪರೀಕ್ಷೆಯ ಫಲ ಬಂದ ದಿನ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವದಿಲ್ಲ. ಹಾಗಾದರೆ ಅಲ್ಲಿ ಸತ್ತವರು ಯಾರು? ಹುಡುಗನು ಜೀವಂತನಾಗಿ ಮೂಲೆಯಲ್ಲಿ ಕುಳಿತಿರುವನು. ತಂದೆಯ ಮನಸ್ಸಿನ ಮಗನು ಮಾತ್ರ ಅಂದು ತೀರಿಹೋಗಿರುವನು. ಸುಳ್ಳು ಸುದ್ದಿಯನ್ನು ನಂಬಿ ಅತ್ತ ಆ ತಂದೆಗೂ ನಮಗೂ ಏನು ಭೇದ?

ಇದನ್ನು ಪರರಿಗೆ ಬುದ್ಧಿ ಹೇಳಲು ಆಡುತ್ತಿಲ್ಲ. ನಾನೂ ಈ ತಪ್ಪು ಮಾಡಿದವನೇ. ೩೦ ವರ್ಷ ಪರರ ಮಕ್ಕಳಿಗೆ ಪಾಠ ಹೇಳಿದವನು ನನ್ನ ಮಗನನ್ನು ಓದಲಾರದೆ ಹೋದೆನು. ಅವನು ಇಂಜಿನಿಯರನಾಗಬೇಕೆಂಬದು ನನ್ನ ಸಂಕಲ್ಪವಾಗಿತ್ತು. ಅವನು ನನ್ನ ಮಾತು ಮೀರದೆ ಹೋದನು. ಎರಡು ವರ್ಷ ಕಷ್ಟಪಟ್ಟನು. ಎರಡು ಸಲ ತಪ್ಪಿದನು. ಕೊನೆಗೊಂದು ದಿನ ಟ್ರಂಕು ಹೊತ್ತು ಮನೆಗೆ ಬಂದನು. ಅಂದಿನಿಂದ ಒಂದು ವರ್ಷ ನಾವಿಬ್ಬರೂ ನೇರವಾಗಿ ಮಾತಾಡಲಿಲ್ಲ. “ಅವ್ವಾ, ಊಟಕ್ಕೆ ಏಳಬೇಕಂತ ಅಪ್ಪಗ ಹೇಳು” ಎಂದು ಅವನು, “ದೀಪ ಆರಿಸಿ ಮಲಗಂತ ಅವಗ ಹೇಳು” ಎಂದು ನಾನು. ನಡುವೆ ಅವನ ತಾಯಿ ಬೆಂದು ಹೋದಳು. ಆಮೇಲೆ ಅವನು ಖಾನಾಪುರದ ಕಡೆಗಿದ್ದ ನಮ್ಮ ಸ್ವಲ್ಪ ಗದ್ದೆಯನ್ನು ನೋಡಿಕೊಳ್ಳಲು ಹೋದನು. ಒಂದು ಮಳೆಗಾಲದಲ್ಲಿ ನಾನು ಹೇಳದೆ ಅಲ್ಲಿಗೆ ಹೋದೆನು. ಮೇಲಿನ ಗದ್ದೆಯ ಬದುವು ಒಡೆದು ನೀರು ನುಗ್ಗುತ್ತಿತ್ತು. ಅವನು ಮೊಣಕಾಲ ಕೆಸರಿನಲ್ಲಿ ನಿಂತು, ಆಳುಮಕ್ಕಳಿಗೆ ಬೈಯದೆ, ಅವಸರಪಡದೆ, ಎಲ್ಲಿ ಕಲ್ಲಿಡಬೇಕು, ಎಲ್ಲಿ ನೀರಿಗೆ ದಾರಿ ಬಿಡಬೇಕು ಎಂದು ತೋರಿಸುತ್ತಿದ್ದನು. ಅರ್ಧ ತಾಸು ನಾನು ಮರದ ಕೆಳಗೆ ಕೊಡೆ ಹಿಡಿದು ನಿಂತು ನೋಡಿದೆನು. ಆ ತಾಳ್ಮೆಯು, ಆ ತಿಳಿವು ನನ್ನಲ್ಲಿ ಇರಲಿಲ್ಲ. ಯಾವ ಅಂಕಪಟ್ಟಿಯಲ್ಲಿಯೂ ಅದಕ್ಕೆ ಅಂಕವಿರಲಿಲ್ಲ. ೨೨ ವರ್ಷ ಒಂದೇ ಮನೆಯಲ್ಲಿದ್ದ ಮನುಷ್ಯನನ್ನು ನಾನು ಅಂದು ಮೊದಲನೆಯ ಸಲ ಕಂಡೆನು. “ಅಪ್ಪಾ, ಯಾವಾಗ ಬಂದ್ರಿ?” ಎಂದು ಅವನು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಹಾಗಾದರೆ ಮಕ್ಕಳ ಮೇಲಿನ ಪ್ರೀತಿಯನ್ನೇ ಅದ್ವೈತವು ಬಿಡಿಸುವದೋ ಎಂದು ತಾಯಂದಿರು ಕೇಳಬಹುದು. ಇಲ್ಲ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮನೆ ಬಿಟ್ಟು ಹೊರಡುವಾಗ ಮೈತ್ರೇಯಿಗೆ ಮಾಡಿದ ಉಪದೇಶವನ್ನು ನೆನೆಯಿರಿ. ಗಂಡನೂ ಹೆಂಡತಿಯೂ ಮಕ್ಕಳೂ ಆತ್ಮನ ಕಾರಣದಿಂದಲೇ ಪ್ರಿಯರಾಗುವರೆಂದು ಅಲ್ಲಿ ಅವರು ತಿಳಿಸುವರು. ಇದನ್ನು ಕೇಳಿದವರು, ಮನುಷ್ಯನು ಸ್ವಾರ್ಥಕ್ಕಾಗಿಯೇ ಮಕ್ಕಳನ್ನು ಪ್ರೀತಿಸುವನೆಂದು ತಿಳಿದುಬಿಡುವರು. ಅದು ಅಪಾರ್ಥವು. ಅಲ್ಲಿ ಹೇಳಿದ ಆತ್ಮನು ‘ನಾನು ಇಂಥವನು, ಇಂಥ ಮನೆತನದವನು’ ಎಂದು ಬೀಗುವ ಸಣ್ಣ ನಾನಲ್ಲ. ಎಲ್ಲರೊಳಗೂ ಒಂದಾಗಿ ಬೆಳಗುವ ವಸ್ತು. ಕೂಸಿಗೆ ಜ್ವರ ಬಂದ ರಾತ್ರಿ ತಾಯಿಯು ತನ್ನ ಹಸಿವನ್ನೂ ನಿದ್ದೆಯನ್ನೂ ಮರೆಯುವಳಲ್ಲವೆ? ಆಗ ಅವಳಿಗೆ ತನ್ನ ದೇಹವೊಂದೇ ತಾನು ಎಂಬ ಭಾವವು ಸಡಿಲಾಗಿರುವದು. ಯಾವ ಶಾಸ್ತ್ರವನ್ನೂ ಓದದ ಹೆಣ್ಣುಮಗಳಿಗೆ ಆ ರಾತ್ರಿ ಅದ್ವೈತದ ಬಾಗಿಲು ತೆರೆದಿರುವದು. ಆದಕಾರಣ ವಾತ್ಸಲ್ಯವು ತಪ್ಪಲ್ಲ, ಅದು ಬಾಗಿಲು. ಬಾಗಿಲಲ್ಲಿಯೇ ಕುಳಿತು, ಇದು ನನ್ನದು, ನನ್ನ ಹೇಳಿಕೆಯಂತೆಯೇ ನಡೆಯತಕ್ಕದ್ದು ಎಂದು ಅಗಳಿ ಹಾಕಿಕೊಳ್ಳುವದು ತಪ್ಪು.

ತಂದೆಯಾದವನು ಹೇಗಿರಬೇಕೆಂಬದಕ್ಕೆ ಛಾಂದೋಗ್ಯದ ಉದ್ದಾಲಕ ಆರುಣಿಯೇ ಮಾದರಿ. ಅವನ ಮಗ ಶ್ವೇತಕೇತು ೧೨ನೆಯ ವಯಸ್ಸಿನಲ್ಲಿ ಗುರುಗೃಹಕ್ಕೆ ಹೋಗಿ, ವೇದಗಳನ್ನೆಲ್ಲ ಓದಿ, ೨೪ನೆಯ ವಯಸ್ಸಿನಲ್ಲಿ ತಿರುಗಿ ಬಂದನು. ಬರುವಾಗ ಗರ್ವವನ್ನೂ ಹೊತ್ತು ತಂದನು. ಇಂದಿನ ತಂದೆಯಾಗಿದ್ದರೆ ಓಣಿಯವರಿಗೆಲ್ಲ ಪೇಢೆ ಹಂಚುತ್ತಿದ್ದನು. ಉದ್ದಾಲಕನು ಹಾಗೆ ಮಾಡಲಿಲ್ಲ. ಮಗನನ್ನು ಬೈದು ಕೆಡವಲೂ ಇಲ್ಲ. ಅವನನ್ನು ಹತ್ತಿರ ಕೂಡಿಸಿಕೊಂಡು ಒಂದು ಪ್ರಶ್ನೆ ಕೇಳಿದನು. ಆಲದ ಹಣ್ಣನ್ನು ತರಿಸಿದನು, ಒಡೆಯಿಸಿದನು, ಒಳಗಿನ ಬೀಜವನ್ನೂ ಸೀಳಿಸಿದನು. ಏನೂ ಕಾಣದ ಆ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಮರವು ಹುಟ್ಟಿತೆಂದು ತೋರಿಸಿದನು. ನೀರಿನಲ್ಲಿ ಉಪ್ಪು ಕರಗಿಸಿ ಮೇಲೆ, ನಡುವೆ, ಕೆಳಗೆ ರುಚಿ ನೋಡಲು ಹೇಳಿದನು. ಕಡೆಗೆ ಮಗನಿಗೆ ಅವನು ತಿಳಿಸಿದ್ದೇನು? ನೀನು ನನ್ನವನು ಎಂದಲ್ಲ. ನನ್ನ ಹೆಸರು ಉಳಿಸು ಎಂದಲ್ಲ. ಜಗತ್ತಿಗೆಲ್ಲ ಮೂಲವಾದ ಆ ಸದ್ವಸ್ತುವೇ ನೀನೆಂದು ತಿಳಿಸಿದನು. ಒಂದಲ್ಲ, ಒಂಬತ್ತು ಸಲ ಆ ಮಾತನ್ನು ಹೇಳಿದನು. ಅದ್ವೈತದ ಅತ್ಯಂತ ದೊಡ್ಡ ಮಹಾವಾಕ್ಯವು ಹುಟ್ಟಿದ್ದು ತಂದೆಯೊಬ್ಬನು ಮಗನ ಸಂಗಡ ಆಡಿದ ಮಾತಿನಲ್ಲಿ. ಇದನ್ನು ಶಿಕ್ಷಕರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಮಗುವು ನಾವು ತುಂಬಬೇಕಾದ ಖಾಲಿ ಚೀಲವಲ್ಲ. ತುಂಬಿಯೇ ಬಂದದ್ದನ್ನು ಅದಕ್ಕೆ ತೋರಿಸಿಕೊಡುವದಷ್ಟೇ ನಮ್ಮ ಕೆಲಸ.

ಇದಕ್ಕೆ ನಮ್ಮ ನೆಲದಲ್ಲಿಯೇ ಒಂದು ಸಾಕ್ಷಿಯುಂಟು. ಖಾನಾಪುರ ತಾಲೂಕಿನ ಕಾಡುಗಳಿಗೆ ಹೋದವರೆಲ್ಲರೂ ಬಲ್ಲರು. ಅಲ್ಲಿಯ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವಳು. ಅದೇ ತಾಲೂಕಿನ ಅದೇ ಸಹ್ಯಾದ್ರಿಯ ಮಡಿಲಲ್ಲಿ ಮಹದಾಯಿಯೂ ಹುಟ್ಟುವಳು. ಒಬ್ಬಳು ಮೂಡಲಿಗೆ ಮುಖ ಮಾಡಿ, ಬಯಲುಸೀಮೆಯ ಎರೆಯ ನೆಲವನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಲದ ಕಡಲಿಗೆ ಹೋಗುವಳು. ಇನ್ನೊಬ್ಬಳು ಪಡುವಲಿಗೆ ಇಳಿದು, ಗೋವೆಯಲ್ಲಿ ಮಾಂಡೋವಿಯೆಂಬ ಹೆಸರು ಪಡೆದು, ಪಣಜಿಯ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುವಳು. ಮಳೆ ಒಂದೇ, ಮಲೆ ಒಂದೇ, ನೀರೂ ಒಂದೇ. ದಾರಿಗಳು ಮಾತ್ರ ಎದುರುಬದುರು. ಒಂದೇ ಹೊಟ್ಟೆಯ ಮಕ್ಕಳಲ್ಲಿ ಒಬ್ಬನು ಮೂಡಲಿಗೂ ಒಬ್ಬನು ಪಡುವಲಿಗೂ ಹರಿದರೆ ನಾವು ಯಾಕೆ ಬೆದರಬೇಕು?

ಇಷ್ಟು ಹೊತ್ತು ಪಾಲಕರಿಗೆ ಹೇಳಿದ್ದಾಯಿತು. ಇಲ್ಲಿ ಕುಳಿತ ತರುಣರು ಇದನ್ನೇ ಹಿಡಿದು, ನಾವು ಯಾರ ಮಕ್ಕಳೂ ಅಲ್ಲ, ಆತ್ಮಸ್ವರೂಪರು, ಆದಕಾರಣ ತಾಯಿತಂದೆಗಳ ಹೊಣೆ ನಮಗಿಲ್ಲ ಎಂದು ಹೊರಟರೆ ಅದು ಮಹಾಪ್ರಮಾದವು. ಜಗತ್ತು ಮಿಥ್ಯೆಯೆಂದು ಹೇಳಿ ಅಳುವ ಕೂಸಿಗೆ ಹಾಲು ತಪ್ಪಿಸಿದವನು ಹೇಗೆ ಅದ್ವೈತಿಯಲ್ಲವೋ, ಅದೇ ಮಾತನ್ನು ಹೇಳಿ ಮುದಿತಾಯಿಗೆ ಗಂಜಿ ತಪ್ಪಿಸಿದವನೂ ಅದ್ವೈತಿಯಲ್ಲ. ಶಂಕರಾಚಾರ್ಯರ ಚರಿತ್ರೆಯನ್ನು ಹೇಳುವವರು ಒಂದು ಸಂಗತಿಯನ್ನು ತಪ್ಪದೆ ಹೇಳುವರು. ಬಾಲ್ಯದಲ್ಲಿಯೇ ಸಂನ್ಯಾಸಕ್ಕೆ ಹೊರಟ ಅವರು, ಅಂತ್ಯಕಾಲಕ್ಕೆ ಬರುವೆನೆಂದು ತಾಯಿ ಆರ್ಯಾಂಬೆಗೆ ಮಾತು ಕೊಟ್ಟರು. ಅದರಂತೆ ಕಾಲಡಿಗೆ ಬಂದರು. ಸಂನ್ಯಾಸಿಗೆ ಕ್ರಿಯೆ ಸಲ್ಲದೆಂದು ನೆಂಟರು ಕೈಬಿಟ್ಟಾಗ ತಾವೊಬ್ಬರೇ ಅವಳ ಸಂಸ್ಕಾರ ಮಾಡಿದರು. ಜಗದ್ಗುರುವಾದವರು ತಾಯಿಯ ಮುಂದೆ ಮಗನೇ ಆಗಿ ನಿಂತರು.

ಇನ್ನೊಂದು ನಿದರ್ಶನವು ನಮ್ಮ ಊರಿಗೆ ಹತ್ತಿದ್ದು. ೧೮೯೨ನೆಯ ಇಸವಿಯ ಅಕ್ಟೋಬರದಲ್ಲಿ ತರುಣ ಸಂನ್ಯಾಸಿಯೊಬ್ಬರು ಕೊಲ್ಹಾಪುರದಿಂದ ಬೆಳಗಾವಿಗೆ ಬಂದರು. ಮೊದಲು ವಕೀಲ ಭಾಟೆಯವರ ಮನೆಯಲ್ಲಿಯೂ ಆಮೇಲೆ ಅರಣ್ಯ ಇಲಾಖೆಯ ಅಧಿಕಾರಿಗಳಾಗಿದ್ದ ಹರಿಪದ ಮಿತ್ರರ ಮನೆಯಲ್ಲಿಯೂ ಇಳಿದುಕೊಂಡಿದ್ದರು. ಅವರೇ ಮುಂದಿನ ವರ್ಷ ಶಿಕಾಗೋದಲ್ಲಿ ಲೋಕಪ್ರಸಿದ್ಧರಾದ ವಿವೇಕಾನಂದರು. ಅವರು ಸಾರಿದ್ದು ಅದ್ವೈತವನ್ನೇ. ಆದರೆ ೧೮೮೪ರಲ್ಲಿ ತಂದೆ ತೀರಿಕೊಂಡು ಬಡತನಕ್ಕೆ ಬಿದ್ದ ತಮ್ಮ ಮನೆಯನ್ನು ಅವರು ಎಂದೂ ಮರೆಯಲಿಲ್ಲ. ಖೇತ್ರಿಯ ಮಹಾರಾಜ ಅಜಿತಸಿಂಹರ ಮುಖಾಂತರ ತಾಯಿ ಭುವನೇಶ್ವರಿ ದೇವಿಯವರಿಗೆ ತಿಂಗಳಿಗೆ ೧೦೦ ರೂಪಾಯಿ ಸಲ್ಲುವಂತೆ ಏರ್ಪಾಡಾಯಿತು. ತಮ್ಮ ಆರೋಗ್ಯವು ಕೆಟ್ಟಿದ್ದಾಗಲೂ ೧೯೦೧ರಲ್ಲಿ ತಾಯಿಯನ್ನು ಪೂರ್ವಬಂಗಾಲ, ಅಸಾಮಗಳ ಕ್ಷೇತ್ರಗಳಿಗೆ ಕರೆದುಕೊಂಡು ಹೋದರು. ಬಿಡಬೇಕಾದದ್ದು ತಾಯಿಯನ್ನಲ್ಲ, ‘ನನ್ನದು’ ಎಂಬ ಹಟವನ್ನು ಎಂಬದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಇಂದು ತಾಯಿತಂದೆಗಳ ಪೋಷಣೆಗಾಗಿ ಸರಕಾರವು ಕಾಯಿದೆಯನ್ನೇ ಮಾಡಬೇಕಾಯಿತು. ೨೦೦೭ರ ಆ ಕಾಯಿದೆಯಂತೆ, ಪೋಷಿಸದ ಮಕ್ಕಳ ಮೇಲೆ ಮುಪ್ಪಿನವರು ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ತಿಂಗಳಿಗೆ ಇಷ್ಟು ಹಣ ಕೊಡತಕ್ಕದ್ದೆಂದು ಅಲ್ಲಿ ಆಜ್ಞೆಯಾಗುವದು. ನಿರ್ಗತಿಕರಿಗೆ ಅದು ಅವಶ್ಯವಾದ ಆಸರೆಯೇ ಸರಿ. ಆದರೆ ಹಣ ಕೊಡಿಸಬಲ್ಲ ಕಾಯಿದೆಯು ಹಾಸಿಗೆಯ ಪಕ್ಕದಲ್ಲಿ ಕುಳಿತು ಕೈಹಿಡಿಯುವ ಮಗನನ್ನು ಕೊಡಿಸಲಾರದು. ಮಕ್ಕಳನ್ನು ಲಾಭಕ್ಕಾಗಿ ಹಾಕಿದ ಬಂಡವಾಳವೆಂದು ನಾವು ಬೆಳೆಸಿದರೆ, ಅವರೂ ನಮ್ಮನ್ನು ತೀರಿಸಬೇಕಾದ ಸಾಲವೆಂದೇ ಕಾಣುವರು. ಲೆಕ್ಕವನ್ನು ಕಲಿಸಿದವರು ನಾವೇ.

ಇನ್ನೊಂದು ಮಾತು. ಮನಸ್ಸಿನ ಸೃಷ್ಟಿಯೆಲ್ಲವೂ ಕೆಟ್ಟದ್ದೆಂದು ವಿದ್ಯಾರಣ್ಯರು ಹೇಳಲಿಲ್ಲ. ಶಾಸ್ತ್ರಕ್ಕೆ ಒಪ್ಪಿ ಜ್ಞಾನಕ್ಕೆ ನೆರವಾಗುವದು ಬೇರೆ, ಕಾಮಕ್ರೋಧಗಳಿಗೆ ಎಳೆಯುವದು ಬೇರೆ ಎಂದು ಅವರೇ ವಿಂಗಡಿಸಿರುವರು. ‘ನನ್ನವನು’ ಎಂದು ಕುಗ್ಗುವ ಮನಸ್ಸೇ ‘ನಮ್ಮವನು’ ಎಂದು ಹಿಗ್ಗಲೂ ಬಲ್ಲದು. ೧೮೨೪ರಲ್ಲಿ ಕಿತ್ತೂರಿನ ದತ್ತಕಪುತ್ರ ಶಿವಲಿಂಗಪ್ಪನನ್ನು ಕುಂಪಣಿ ಸರಕಾರವು ಒಪ್ಪಲಿಲ್ಲ. ಆ ದತ್ತಕವು ಸಲ್ಲದೆಂಬದು ಅವರ ವಾದ. ರಾಣಿ ಚೆನ್ನಮ್ಮನು ಅದನ್ನು ಒಪ್ಪದೆ ಖಡ್ಗ ಹಿಡಿದಳು. ಅವಳು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೆಯೂ ಸಂಗೊಳ್ಳಿ ರಾಯಣ್ಣನು ಅದೇ ಬಾಲಕನಿಗಾಗಿ ಹೋರಾಡಿ, ೧೮೩೧ನೆಯ ಇಸವಿಯ ಜನೆವರಿ ೨೬ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದನು. ಇಂದಿಗೂ ಮಕ್ಕಳಿಲ್ಲದವರು ಅವನ ಸಮಾಧಿಯ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುವರು. ಪರರ ಮಗನಿಗಾಗಿ ಪ್ರಾಣ ಕೊಟ್ಟವನ ಹತ್ತಿರ ಜನರು ಮಗನನ್ನು ಬೇಡುವರು! ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾದದ್ದಿಲ್ಲ.

ಅಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. ಈ ನಗರವು ಯಾರ ಹೆಸರನ್ನು ಹೊತ್ತಿರುವದೋ ಆ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳವರನ್ನು ನೆನೆಯಿರಿ. ಅವರ ಮತದ ತತ್ತ್ವಕ್ಕೆ ತನ್ನದೇ ಆದ ಹೆಸರೂ ಪರಂಪರೆಯೂ ಉಂಟು; ಅದನ್ನು ಎಳೆದು ನನ್ನ ಅದ್ವೈತದೊಳಗೆ ಸೇರಿಸುವ ಉದ್ಧಟತನವನ್ನು ನಾನು ಮಾಡಲಾರೆ. ಆದರೆ ಆಚರಣೆಯನ್ನು ನೋಡಿರಿ. ಒಂದು ಮಗುವಿಗೂ ದೇಹಸಂಬಂಧದ ತಂದೆಯಲ್ಲದ ಆ ಯತಿಗಳು, ಹಳ್ಳಿಹಳ್ಳಿಗಳ ಬಡ ಹುಡುಗರಿಗೆ ಪ್ರಸಾದನಿಲಯವನ್ನು ತೆರೆದು, ಅನ್ನವಿಕ್ಕಿ ಓದಿಸಿದರು. ಗಡಿನಾಡಿನಲ್ಲಿ ಕನ್ನಡವು ತಲೆಯೆತ್ತಿ ನಿಲ್ಲುವದಕ್ಕೆ ಅಲ್ಲಿ ಉಂಡವರೂ ಕಾರಣರಾದರು. ಗ್ರಂಥದಲ್ಲಿ ಓದಿದ್ದನ್ನು ನಾವು ಅನ್ನದ ಪಂಕ್ತಿಯಲ್ಲಿ ಕಣ್ಣಾರೆ ಕಂಡೆವು.

ಕನ್ನಡ ಬಂಧುಗಳೆ, ನಾಡಿನ ಮಾತೂ ಇದೇ. ೧೯೨೪ರಲ್ಲಿ ಮಹಾತ್ಮಾಜಿಯವರ ಅಧ್ಯಕ್ಷತೆಯಲ್ಲಿ ಈ ಊರಲ್ಲಿ ಕಾಂಗ್ರೆಸ್ಸು ಕೂಡಿದಾಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಆಗ ಇಲ್ಲಿಯೇ ಏಕೀಕರಣ ಪರಿಷತ್ತು ನೆರೆಯಿತು. ಆಲೂರ ವೆಂಕಟರಾಯರಂಥ ಹಿರಿಯರು ಬಳ್ಳಾರಿಯ ಮಗುವನ್ನೂ ಬೀದರಿನ ಮಗುವನ್ನೂ ತಮ್ಮದೆಂದರು. ೧೯೫೬ನೆಯ ಇಸವಿಯ ನವೆಂಬರ ೧ರಂದು ನಾಡು ಒಂದಾಯಿತು. ಹಲವರಲ್ಲಿ ಒಬ್ಬಳೇ ತಾಯಿಯನ್ನು ಕಂಡ ಆ ಕಣ್ಣನ್ನು ನಾವು ಮಕ್ಕಳಿಗೆ ಕೊಡಬೇಕು. ಮನೆಯಲ್ಲಿ ಅಚ್ಚಗನ್ನಡವನ್ನಾಡಿ ಅವರಿಗೆ ನುಡಿಯನ್ನು ಕೊಡೋಣ. ಅದರ ಸಂಗಡವೇ, ಪಕ್ಕದ ಮನೆಯಲ್ಲಿ ಮರಾಠಿಯಲ್ಲಿ ಜೋಗುಳ ಕೇಳಿ ಬೆಳೆದ ಮಗುವೂ ಅದೇ ಬೆಳಕಿನ ಮಗುವೆಂದು ಕಲಿಸೋಣ. ತನ್ನ ತಾಯಿಯನ್ನು ಪ್ರೀತಿಸುವದಕ್ಕೆ ಪರರ ತಾಯಿಯನ್ನು ಹಳಿಯಬೇಕಾದದ್ದಿಲ್ಲ. ಸೀಮೆಯ ಕಲ್ಲು ಕಂದಾಯದ ಲೆಕ್ಕಕ್ಕೆ ಬೇಕು, ಆತ್ಮಕ್ಕೆ ಬೇಡ.

ಕಡೆಯದಾಗಿ, ಕೇಳಿದ್ದನ್ನು ಮನೆಗೆ ಒಯ್ಯುವ ಬಗೆ. ಈ ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನಾಗಲಿ ಮಗಳನ್ನಾಗಲಿ ಅಂಕದ ಮಾತು ಕೇಳಬೇಡಿರಿ. ಇಂದು ಏನು ನೋಡಿದೆ, ಏನು ನಿನಗೆ ಸೇರಿತು ಎಂದು ಕೇಳಿರಿ. ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ. ತಿದ್ದಬೇಕಾದಲ್ಲಿ ಅವಶ್ಯವಾಗಿ ತಿದ್ದಿರಿ. ಅದು ನಮ್ಮ ಧರ್ಮವು. ಆದರೆ ತಿದ್ದುವ ಮೊದಲು, ನಾನು ತಿದ್ದುತ್ತಿರುವದು ಎದುರಿಗೆ ಕುಳಿತ ಈ ಮಗುವಿನ ತಪ್ಪನ್ನೋ, ನನ್ನ ತಲೆಯೊಳಗಿನ ಮಗುವಿಗೆ ಇದು ಹೋಲುವದಿಲ್ಲವೆಂಬ ಕೊರತೆಯನ್ನೋ ಎಂದು ಒಂದು ಕ್ಷಣ ವಿಚಾರಿಸಿರಿ. ಆ ಒಂದು ಕ್ಷಣವೇ ಗೃಹಸ್ಥನ ಧ್ಯಾನವು. ಮಕ್ಕಳೂ ಅಷ್ಟೆ; ನಮ್ಮ ಅಪ್ಪ, ನಮ್ಮ ಅವ್ವ ಹೀಗಿರಬೇಕಿತ್ತೆಂಬ ಮನಸ್ಸಿನ ಗೊಂಬೆಯನ್ನು ಬದಿಗಿಟ್ಟು, ದುಡಿದು ದಣಿದು ಕುಳಿತ ಆ ಮನುಷ್ಯರನ್ನು ಒಮ್ಮೆ ನೋಡಿರಿ.

ನನ್ನ ಮಗನು ಈಗಲೂ ಗದ್ದೆಯಲ್ಲಿರುವನು. ಮಳೆ ಹಿಡಿದರೆ ಅವನಿಗೆ ಬಿಡುವಿಲ್ಲ. ಆಗ ನಾನೇ ಹೋಗುವೆನು. ಬದುವಿನ ಮೇಲೆ ಕುಳಿತು ಇಬ್ಬರೂ ರೊಟ್ಟಿ ತಿನ್ನುವೆವು. ಮಾತು ಹೆಚ್ಚಿಗೆ ಇರುವದಿಲ್ಲ. ಆದರೆ ನಡುವೆ ಸುದ್ದಿ ಒಯ್ಯುವವರು ಈಗ ಬೇಕಾಗುವದಿಲ್ಲ.